ಪಡುಗಾಳಿಯ ಎದುರು ಒಂದು ದಿನ: ಗೇರಿನ ಹೈಬ್ರಿಡ್ ಸೈಕಲ್ಲನ್ನು ಹೊಸದುರ್ಗದವರೆಗೆ ತುಳಿದು ನೋಡಿದ್ದು

ಈ ಸೈಕಲನ್ನು ಕೊಂಡು ಐದು ತಿಂಗಳಾದರೂ ಅದರ ಬಗ್ಗೆ ಯಾರಿಗೂ ಖಚಿತವಾದ ಅಭಿಪ್ರಾಯ ಹೇಳುವ ಧೈರ್ಯ ನನಗಿರಲಿಲ್ಲ. ಕುಂಬಳೆಯ ಮನೆಯಿಂದ ನಾನು ಕೆಲಸ ಮಾಡುವ ಸಹಕಾರಿ ಬ್ಯಾಂಕಿಗೆ ನಾಲ್ಕು ಕಿಲೋಮೀಟರ್ ದಾರಿ. ಕಾಲು ಗಂಟೆಯಲ್ಲಿ ಮುಗಿಯುವ ಆ ಸವಾರಿಯಲ್ಲಿ ಎಲ್ಲ ಹೊಸ ಸೈಕಲುಗಳೂ ಒಳ್ಳೆಯವೇ ಆಗಿ ಕಾಣುತ್ತವೆ. ಸೀಟು ಸರಿಯಿದೆಯೇ, ಹ್ಯಾಂಡಲಿನ ಎತ್ತರ ಹೊಂದುತ್ತದೆಯೇ, ಗೇರುಗಳ ಜೋಡಣೆ ನಮ್ಮ ಊರಿನ ಏರು ಮತ್ತು ಗಾಳಿಗೆ ತಕ್ಕುದೇ ಎಂಬುದೆಲ್ಲ ತಿಳಿಯುವುದು ಮೂರನೆಯ ಗಂಟೆಯ ನಂತರ, ಅದೂ ಗಾಳಿ ಎದುರಿನಿಂದ ಬೀಸುತ್ತಿರುವಾಗ. ನಮ್ಮ ಶಾಖೆಯ ಇಬ್ಬರು ಸಹೋದ್ಯೋಗಿಗಳು ಇಂಥದೇ ಸೈಕಲ್ ಕೊಳ್ಳುವ ಆಲೋಚನೆಯಲ್ಲಿದ್ದು, ಕೊಳ್ಳಬಹುದೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಅವರಿಗೆ ಉತ್ತರ ಕೊಡುವ ಮೊದಲು ಒಂದು ಇಡೀ ದಿನ ಇದನ್ನು ತುಳಿದು ನೋಡಬೇಕೆಂದು ನಿರ್ಧರಿಸಿ, ಫೆಬ್ರವರಿಯ ಒಂದು ಬುಧವಾರಕ್ಕೆ ಕ್ಯಾಶುವಲ್ ರಜೆ ಬರೆದುಕೊಟ್ಟೆ. ಮ್ಯಾನೇಜರರು ಅರ್ಜಿಯನ್ನು ನೋಡಿ, "ಮನೆಯಲ್ಲಿ ಏನಾದರೂ ಕಾರ್ಯಕ್ರಮ ಉಂಟಾ?" ಎಂದು ಕೇಳಿದರು. "ಇಲ್ಲ ಸರ್, ಸೈಕಲಿನಲ್ಲಿ ಹೊಸದುರ್ಗಕ್ಕೆ ಹೋಗಿ ಬರಬೇಕೆಂದಿದ್ದೇನೆ" ಎಂದೆ. ಹೊಸದುರ್ಗವೆಂದರೆ ನಮ್ಮಲ್ಲಿ ಕಾಸರಗೋಡಿನ ತೆಂಕಣಕ್ಕಿರುವ ಕಾಞಂಗಾಡು. ಅವರು ಸಹಿ ಹಾಕಿ, ನೀರು ಸಾಕಷ್ಟು ಕುಡಿಯಿರಿ ಎಂದಷ್ಟೇ ಹೇಳಿದರು.

ರವಿವಾರ ಇದ್ದೇ ಇರುವಾಗ ಕೆಲಸದ ದಿನವೇ ಏಕೆ ರಜೆ ಎಂದು ಕೇಳುವವರಿದ್ದಾರೆ. ರವಿವಾರ ಬೇಕಲದ ರಸ್ತೆಯಲ್ಲಿ ಪ್ರವಾಸಿಗರ ಕಾರುಗಳ ಸಾಲು ಕರಗುವುದೇ ಇಲ್ಲ, ಮೈಯನ್ನು ಗಾಳಿಗೆ ಒಡ್ಡಿ ಒಂದೇ ಲಯದಲ್ಲಿ ತುಳಿಯುವುದು ಆ ದಿನ ಅಸಾಧ್ಯ. ಕೆಲಸದ ದಿನದಲ್ಲಾದರೋ ಬೆಳಿಗ್ಗೆ ಒಂಬತ್ತೂವರೆಯ ನಂತರ ಶಾಲೆಯ ವಾಹನಗಳೂ ಕಚೇರಿಗೆ ಹೋಗುವವರೂ ಸರಿದುಹೋಗಿ, ಸಂಜೆ ನಾಲ್ಕರವರೆಗೆ ರಸ್ತೆ ತಕ್ಕಮಟ್ಟಿಗೆ ಬಿಡುವಾಗಿರುತ್ತದೆ. ಇದಲ್ಲದೆ ಇನ್ನೊಂದು ಕಾರಣವಿದೆ, ಅದನ್ನು ಮುಚ್ಚಿಡುವುದಿಲ್ಲ. ಲೆಡ್ಜರು, ಸಾಲದ ಕಡತ ಮತ್ತು ಕಂಪ್ಯೂಟರಿನ ಪರದೆಯ ನಡುವೆ ವರ್ಷಗಳನ್ನು ಕಳೆದ ನನಗೆ, ಎಲ್ಲರೂ ಕೆಲಸದಲ್ಲಿರುವ ಒಂದು ದಿನ ನಾನೊಬ್ಬನೇ ಕಡಲ ಬದಿಯಲ್ಲಿ ಗಾಳಿಯೊಳಗೆ ಇರಬೇಕೆಂಬ ಆಸೆ ಬಹಳ ಕಾಲದಿಂದ ಇತ್ತು.

ಮೊದಲು ಸೈಕಲಿನ ವಿವರಗಳನ್ನು ಹೇಳುತ್ತೇನೆ. ಇದು ಅಲ್ಯೂಮಿನಿಯಂ ಚೌಕಟ್ಟಿನ, ನೇರ ಹ್ಯಾಂಡಲಿನ, 700 ಅಳತೆಯ ಚಕ್ರಗಳಿಗೆ 35 ಮಿಲಿಮೀಟರ್ ಅಗಲದ ಟಯರುಗಳಿರುವ ಹೈಬ್ರಿಡ್, ಅಂದರೆ ರೋಡ್ ಸೈಕಲಿಗೂ ಗುಡ್ಡದ ಸೈಕಲಿಗೂ ನಡುವಿನ ಬಗೆಯ, ಸೈಕಲ್. ಚೈನು ಕೂರುವ ಹಲ್ಲುಚಕ್ರಗಳು ಮುಂದೆ ಪೆಡಲಿನ ಬಳಿ 48, 38 ಮತ್ತು 28 ಹಲ್ಲುಗಳ ಮೂರು, ಹಿಂದೆ 14ರಿಂದ 28 ಹಲ್ಲುಗಳವರೆಗಿನ ಏಳು; ಒಟ್ಟು ಇಪ್ಪತ್ತೊಂದು ಗೇರು. ಗೇರು ಬದಲಿಸುವ ಭಾಗಗಳು ಶಿಮಾನೊ ಕಂಪನಿಯ ಟೂರ್ನಿ ಶ್ರೇಣಿಯವು, ಬ್ರೇಕುಗಳು ಕೇಬಲಿನಿಂದ ಎಳೆಯುವ ಡಿಸ್ಕ್ ಬ್ರೇಕುಗಳು, ಮುಂದಿನ ಫೋರ್ಕಿನಲ್ಲಿ ಸಸ್ಪೆನ್ಶನ್ ಇಲ್ಲ. ಹದಿನೇಳು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೊಂಡೆ. ಕಂಪನಿಯ ಹೆಸರನ್ನು ಬರೆಯದೆ ಬಿಡುತ್ತಿದ್ದೇನೆ, ಏಕೆಂದರೆ ಈ ಬೆಲೆಯಲ್ಲಿ ಹಲವು ಕಂಪನಿಗಳು ಹೆಚ್ಚುಕಡಿಮೆ ಇದೇ ಅಳತೆಯ ಚೌಕಟ್ಟಿಗೆ ಇದೇ ಭಾಗಗಳನ್ನು ಜೋಡಿಸಿ ಮಾರುತ್ತವೆ. ನನ್ನ ಮಾತು ಈ ಬಗೆಯ ಸೈಕಲ್ಲಿನ ಬಗ್ಗೆಯೇ ಹೊರತು ಅದರ ಮೇಲೆ ಅಂಟಿಸಿದ ಹೆಸರಿನ ಬಗ್ಗೆ ಅಲ್ಲ.

ಆದರೆ ಸೈಕಲನ್ನು ನನಗೆ ಕೊಟ್ಟ ಸ್ಥಿತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಗೇರಿನ ಸೈಕಲುಗಳು ಕಾರ್ಖಾನೆಯಿಂದ ಪೆಟ್ಟಿಗೆಯಲ್ಲಿ ಅರೆಜೋಡಣೆಯಾಗಿ ಬರುತ್ತವೆ. ಹ್ಯಾಂಡಲು, ಮುಂದಿನ ಚಕ್ರ, ಪೆಡಲು ಮತ್ತು ಸೀಟನ್ನು ಅಂಗಡಿಯವರೇ ಸೇರಿಸಿ ಬ್ರೇಕನ್ನೂ ಗೇರನ್ನೂ ಹದಗೊಳಿಸಬೇಕು. ನನಗೆ ಮಾರಿದ ಅಂಗಡಿಯಲ್ಲಿ ಈ ಕೆಲಸವನ್ನು ಅವಸರದಲ್ಲಿ ಮುಗಿಸಿದ್ದರು. ಎರಡನೆಯ ವಾರದಲ್ಲಿ ಹ್ಯಾಂಡಲು ಸ್ವಲ್ಪ ಓರೆಯಾಯಿತು, ಮುಂದಿನ ಡಿಸ್ಕು ಬ್ರೇಕಿನ ಪ್ಯಾಡಿಗೆ ತಾಗಿ ಸುತ್ತುಸುತ್ತಿಗೂ ಕಿರಗುಟ್ಟುತ್ತಿತ್ತು, ಹಿಂದಿನ ಗೇರು ಹೇಳಿದ ಕಡೆ ನಿಲ್ಲುತ್ತಿರಲಿಲ್ಲ. ಸವಾರಿಗೆ ಮೂರು ದಿನ ಮೊದಲು ಕುಂಬಳೆ ಪೇಟೆಯಲ್ಲಿ ಬಹುಕಾಲದಿಂದ ಸೈಕಲ್ ರಿಪೇರಿ ಮಾಡುತ್ತಿರುವ, ನಾವೆಲ್ಲ ಕಾಕ ಎಂದೇ ಕರೆಯುವ ಹಿರಿಯರ ಬಳಿಗೆ ಹೋದೆ. ಅವರು ಅಲೆನ್ ಕೀ ಹಿಡಿದು ಒಂದೊಂದೇ ಬೋಲ್ಟನ್ನು ಮುಟ್ಟಿ ನೋಡಿ, "ಇದು ಸೈಕಲಿನ ತಪ್ಪಲ್ಲ ಸಾರ್, ಕಟ್ಟಿದವರ ತಪ್ಪು. ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಬಿಟ್ಟ ಹಾಗೆ ಉಂಟು" ಎಂದರು. ಒಂದೂವರೆ ಗಂಟೆ ಕೂತು ಬ್ರೇಕು, ಗೇರು, ಎರಡೂ ಚಕ್ರಗಳ ಕಡ್ಡಿಗಳ ಬಿಗಿ, ಎಲ್ಲವನ್ನೂ ಸರಿಮಾಡಿದರು. ನನ್ನನ್ನು ಸೀಟಿನ ಮೇಲೆ ಕೂರಿಸಿ, ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೆಟ್ಟಗಾಗುವಂತೆ ಸೀಟನ್ನು ಎರಡು ಇಂಚು ಎತ್ತರಿಸಿದರು. ಹಾಗಿದ್ದರೆ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ಬೇಕಾದಷ್ಟೇ ಬಾಗುತ್ತದೆ. ಇಷ್ಟಕ್ಕೆ ಅವರು ತೆಗೆದುಕೊಂಡದ್ದು ಇನ್ನೂರು ರೂಪಾಯಿ. ನಾನು ಮುಂದೆ ಬರೆಯುವ ಒಳ್ಳೆಯ ಮಾತುಗಳಲ್ಲಿ ಅರ್ಧ ಆ ಒಂದೂವರೆ ಗಂಟೆಗೆ ಸಲ್ಲಬೇಕು.

ಬುಧವಾರ ಬೆಳಿಗ್ಗೆ ಆರೂಕಾಲಕ್ಕೆ, ಇನ್ನೂ ಕತ್ತಲೆ ಪೂರ್ತಿ ಹರಿಯುವ ಮೊದಲು, ಮುಂದೆ ಬಿಳಿ ದೀಪ ಹಿಂದೆ ಕೆಂಪು ದೀಪ ಹಚ್ಚಿಕೊಂಡು ಹೊರಟೆ. ಆರು ಪಥದ ಹೆದ್ದಾರಿಯ ಮುಖ್ಯ ರಸ್ತೆಗೆ ಹೋಗದೆ ಸರ್ವಿಸ್ ರಸ್ತೆಯಲ್ಲಿಯೇ ಮೊಗ್ರಾಲ್, ಚೌಕಿ ದಾಟಿ ಕಾಸರಗೋಡಿಗೆ ಬಂದಾಗ ಆರು ಐವತ್ತೈದು. ಹನ್ನೆರಡು ಕಿಲೋಮೀಟರಿಗೆ ನಲವತ್ತು ನಿಮಿಷ. ಈ ಕಾಲದಲ್ಲಿ ಬೆಳಗಿನ ಜಾವದ ಗಾಳಿ ಮೂಡಣದ ಗುಡ್ಡಗಳ ಕಡೆಯಿಂದ ಕಡಲಿನತ್ತ ಮೆಲ್ಲಗೆ ಹರಿಯುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ. ಅದರಿಂದ ಗಾಳಿ ನೆಲದಿಂದ ನೀರಿನ ಕಡೆಗೆ ಸರಿಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದೇ ಆಟ ತಿರುಗಿ, ಹನ್ನೊಂದರ ಹೊತ್ತಿಗೆ ಪಡುಗಾಳಿ ಎದ್ದು, ಮಧ್ಯಾಹ್ನದ ನಂತರ ವಾಯವ್ಯಕ್ಕೆ ವಾಲಿ, ಸಂಜೆಯವರೆಗೂ ಬೀಸುತ್ತದೆ. ತೆಂಕಣಕ್ಕೆ ಹೋಗಿ ಬಡಗಣಕ್ಕೆ ಮರಳುವ ನನ್ನ ದಾರಿಯಲ್ಲಿ, ಹೋಗುವಾಗ ಗಾಳಿ ಇಲ್ಲವೆನ್ನುವಷ್ಟು ಹಗುರವಾಗಿಯೂ ಬರುವಾಗ ಎದುರಾಗಿಯೂ ಇರುತ್ತದೆಂದು ನನಗೆ ಗೊತ್ತಿತ್ತು. ಆರಾಮವಷ್ಟೇ ಬೇಕಾಗಿದ್ದರೆ ಬೆಳಿಗ್ಗೆ ಮಂಜೇಶ್ವರದ ಕಡೆಗೆ ಹೋಗಿ ಮಧ್ಯಾಹ್ನ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮರಳಬಹುದಿತ್ತು. ಸೈಕಲನ್ನು ಪರೀಕ್ಷಿಸಲು ಬೇಕಾದದ್ದು ಇದಕ್ಕೆ ವಿರುದ್ಧವಾದ ದಾರಿ.

ಕಾಸರಗೋಡಿನ ಹೋಟೆಲೊಂದರಲ್ಲಿ ಪುಟ್ಟು, ಕಡಲೆ ಮತ್ತು ಚಹಾ ಮುಗಿಸಿ ಚಂದ್ರಗಿರಿ ಸೇತುವೆಗೆ ಬಂದೆ. ಸೇತುವೆಯ ಮೇಲೆ ಎರಡು ನಿಮಿಷ ನಿಲ್ಲದೆ ದಾಟಲು ನನಗೆ ಎಂದೂ ಆಗುವುದಿಲ್ಲ; ಮಡಿಕೇರಿಯ ಕಡೆಯಿಂದ ಇಳಿದು ಬರುವ ಪಯಸ್ವಿನಿ ಇಲ್ಲಿ ಚಂದ್ರಗಿರಿಯ ಹೆಸರಿನಲ್ಲಿ ಅಗಲವಾಗಿ ಕಡಲಿಗೆ ಸೇರುವುದನ್ನು ಬೆಳಗಿನ ಬೆಳಕಿನಲ್ಲಿ ನೋಡಬೇಕು. ಸೇತುವೆ ಕಳೆದೊಡನೆ ಮೇಲ್ಪರಂಬದವರೆಗೆ ಏರು. ಈ ಏರಿನಲ್ಲಿ ಮೊದಲ ಬಾರಿಗೆ ಮುಂದಿನ 28 ಹಲ್ಲಿನ ಚಿಕ್ಕ ಚಕ್ರವನ್ನೂ ಹಿಂದಿನ 28 ಹಲ್ಲಿನ ದೊಡ್ಡ ಚಕ್ರವನ್ನೂ ಜೊತೆಮಾಡಿದೆ. ಆಗ ಪೆಡಲು ಒಂದು ಸುತ್ತು ಬಂದರೆ ಹಿಂದಿನ ಚಕ್ರವೂ ಒಂದೇ ಸುತ್ತು. ಅಂದರೆ ಸೈಕಲು ಸುಮಾರು 2.17 ಮೀಟರ್ ಮುಂದೆ ಸರಿಯುತ್ತದೆ. ವೇಗ ಗಂಟೆಗೆ ಎಂಟು ಕಿಲೋಮೀಟರಿಗಿಂತ ಹೆಚ್ಚಿರಲಿಲ್ಲ, ಆದರೆ ಉಸಿರು ಕಟ್ಟಲಿಲ್ಲ, ಮೊಣಕಾಲಿಗೆ ಭಾರ ಬೀಳಲಿಲ್ಲ, ಸೀಟಿನಿಂದ ಏಳಬೇಕಾಗಲಿಲ್ಲ. ಒಂದು ಕೊರತೆ ಮಾತ್ರ ಇಲ್ಲಿ ಕಂಡಿತು: ಮುಂದಿನ ನಡುಚಕ್ರದಿಂದ ಚಿಕ್ಕ ಚಕ್ರಕ್ಕೆ ಚೈನು ಇಳಿಯುವಾಗ ಪೆಡಲಿನ ಮೇಲೆ ಒತ್ತಡ ಇದ್ದರೆ ಅದು ತಡವರಿಸುತ್ತದೆ, ಬಲವಾಗಿ ತುಳಿಯುತ್ತಿದ್ದರೆ ಇಳಿಯುವುದೇ ಇಲ್ಲ. ಆದ್ದರಿಂದ ಏರು ಆರಂಭವಾಗುವ ಇಪ್ಪತ್ತು ಮಾರು ಮೊದಲೇ ಗೇರು ಇಳಿಸಿಕೊಳ್ಳುವ ಅಭ್ಯಾಸ ಬೇಕು. ಇದು ಈ ಶ್ರೇಣಿಯ ಭಾಗಗಳ ಮಿತಿ, ಹದಗೊಳಿಸಿದ ಮೇಲೆಯೂ ಪೂರ್ತಿ ಹೋಗುವಂಥದಲ್ಲ.

ಕಳನಾಡು, ಉದುಮ, ಪಾಲಕುನ್ನು ಕಳೆದು ಬೇಕಲಕ್ಕೆ ಎಂಟೂಕಾಲು ದಾಟುವಾಗ ತಲುಪಿದೆ. ಕೋಟೆಯ ಬಾಗಿಲು ಎಂಟಕ್ಕೇ ತೆರೆದಿತ್ತು. ಬಾಗಿಲಿನ ಬಳಿಯ ಆಂಜನೇಯನಿಗೆ ಕೈಮುಗಿದು ಒಳಗೆ ಹೋಗಿ ಕಡಲಿಗೆ ಮುಖ ಮಾಡಿದ ಕೊತ್ತಳದ ಮೇಲೆ ಕೂತೆ. ಸುಮಾರು 1650ರಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ, ನಲವತ್ತು ಎಕರೆಯಷ್ಟು ಹರಡಿದ ಈ ಕೋಟೆ ಕನ್ನಡ ನಾಡಿನ ಆಳ್ವಿಕೆ ಈ ಕರಾವಳಿಯಲ್ಲಿ ಬಿಟ್ಟುಹೋದ ಬಹು ದೊಡ್ಡ ಗುರುತು. ಗಡಿರೇಖೆಗಳ ಈಚೆ ಉಳಿದ ನಮ್ಮಂಥವರಿಗೆ ಇಲ್ಲಿ ಕೂರುವುದೆಂದರೆ ಬರಿಯ ವಿಹಾರವಲ್ಲ. ಅಂದು ನಾನು ನೋಡಲು ಬಂದದ್ದು ಗಾಳಿಯನ್ನು. ಒಂಬತ್ತರವರೆಗೂ ನೀರಿನ ಮೇಲೆ ಸಣ್ಣ ನೆರಿಗೆಯಷ್ಟೇ ಇತ್ತು, ಕೋಟೆಯ ಒಳಗಿನ ಹುಲ್ಲು ಅಲ್ಲಾಡುತ್ತಿರಲಿಲ್ಲ. ಒಂಬತ್ತೂವರೆಗೆ ಎದ್ದಾಗ ಬೆವರಿದ ಅಂಗಿಯ ಎಡಭಾಗಕ್ಕೆ ತಣ್ಣನೆ ತಾಗಿದ ಮೊದಲ ಅಲೆ ಅದು ಎಲ್ಲಿಂದ ಬರಲಿದೆಯೆಂಬುದನ್ನು ತಿಳಿಸಿತು.

ಬೇಕಲದಿಂದ ಪಳ್ಳಿಕ್ಕೆರೆ, ಚಿತ್ತಾರಿಗಳ ಮೂಲಕ ಹೊಸದುರ್ಗಕ್ಕೆ ಇರುವ ದಾರಿ ಬಹುಮಟ್ಟಿಗೆ ಸಮತಟ್ಟು. ಇಲ್ಲಿ ನಡುಚಕ್ರದ 38 ಹಲ್ಲು ಮತ್ತು ಹಿಂದಿನ 18 ಹಲ್ಲಿನ ಜೊತೆಯಲ್ಲಿ ಪೆಡಲಿನ ಒಂದು ಸುತ್ತಿಗೆ ನಾಲ್ಕೂವರೆ ಮೀಟರಿಗೂ ಸ್ವಲ್ಪ ಹೆಚ್ಚು ದೂರ ಸಾಗುತ್ತ, ನಿಮಿಷಕ್ಕೆ ಎಪ್ಪತ್ತು ಸುತ್ತಿನ ಸುಲಭ ಲಯದಲ್ಲಿ ಗಂಟೆಗೆ ಹತ್ತೊಂಬತ್ತು ಕಿಲೋಮೀಟರ್ ವೇಗ ತಾನಾಗಿ ಬರುತ್ತಿತ್ತು. ಗಾಳಿಯಿಲ್ಲದ ಸಮತಟ್ಟು ರಸ್ತೆಯಲ್ಲಿ ಈ ಸೈಕಲ್ ಎಷ್ಟು ಹಿತವೆಂಬುದನ್ನು ಬಣ್ಣಿಸುವ ಅಗತ್ಯವಿಲ್ಲ, ಅಂಥ ರಸ್ತೆಯಲ್ಲಿ ಎಲ್ಲ ಸೈಕಲುಗಳೂ ಹಿತವೇ. ಹೊಸದುರ್ಗ ಎಂದು ನಾವು ಕರೆಯುವ ಕಾಞಂಗಾಡಿಗೆ ಹತ್ತೂಕಾಲರ ಹೊತ್ತಿಗೆ ಸೇರಿ, ಆ ಹೆಸರಿಗೆ ಕಾರಣವಾದ ಕೆಳದಿಯವರ ಕಾಲದ ಕೋಟೆಯ ಉಳಿಕೆಗಳನ್ನು ನೋಡಿ, ಹನ್ನೆರಡಕ್ಕೆ ಕುಚ್ಚಲಕ್ಕಿ ಅನ್ನ, ಸಾಂಬಾರು, ಮಜ್ಜಿಗೆಯ ಊಟ ಮಾಡಿ ಒಂದು ಗಂಟೆಯವರೆಗೆ ನೆರಳಿನಲ್ಲಿ ಕೂತೆ. ಅಲ್ಲಿಗೆ ನಲವತ್ತು ಕಿಲೋಮೀಟರ್ ಆಗಿತ್ತು. ಸೀಟಿನ ಮೇಲೆ ಕಳೆದ ಹೊತ್ತು ಎರಡೂಕಾಲು ಗಂಟೆ.

ಒಂದು ಗಂಟೆಗೆ ಮರಳಿ ಹೊರಟಾಗ ಪೇಟೆಯ ಕಟ್ಟಡಗಳ ಮರೆಯಲ್ಲಿ ಏನೂ ತಿಳಿಯಲಿಲ್ಲ. ಪೇಟೆ ಮುಗಿದು ರಸ್ತೆ ತೆರೆದುಕೊಂಡ ಕೂಡಲೇ ಗಾಳಿ ಎಡದ ಕೆನ್ನೆಗೂ ಎದೆಗೂ ಒಟ್ಟಾಗಿ ಬಂದು ಬಡಿಯಿತು. ಬೆಳಿಗ್ಗೆ ಹತ್ತೊಂಬತ್ತರ ವೇಗ ಕೊಟ್ಟ ಅದೇ ಗೇರಿನಲ್ಲಿ ಹತ್ತು ನಿಮಿಷ ತುಳಿದಾಗ ತೊಡೆಗಳು ಉರಿಯತೊಡಗಿದವು. ಇಲ್ಲಿ ಗಾಳಿಯ ಲೆಕ್ಕವನ್ನು ಹೇಳದಿದ್ದರೆ ಗೇರಿನ ಬಗ್ಗೆ ಹೇಳುವ ಮಾತು ಅರ್ಥವಾಗುವುದಿಲ್ಲ. ಗಾಳಿ ನಮ್ಮನ್ನು ತಡೆಯುವ ಬಲವು ನಮಗೂ ಗಾಳಿಗೂ ನಡುವಿನ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಾಳಿಯಿಲ್ಲದಾಗ ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಎದುರಿನಿಂದ ಹದಿನೈದು ಕಿಲೋಮೀಟರ್ ವೇಗದ ಗಾಳಿ ಬಂದರೆ, ಅವನಿಗೆ ತಾಗುವ ಗಾಳಿಯ ವೇಗ ಎರಡು ಪಟ್ಟಾಗುತ್ತದೆ, ತಡೆಯ ಬಲ ನಾಲ್ಕು ಪಟ್ಟಾಗುತ್ತದೆ. ಆ ತಡೆಯಲ್ಲಿ ಹೆಚ್ಚಿನ ಪಾಲು ಸೈಕಲಿನದಲ್ಲ, ನೆಟ್ಟಗೆ ಕೂತ ಸವಾರನ ಎದೆ, ಭುಜ ಮತ್ತು ಪಟಪಟ ಬಡಿಯುವ ಅಂಗಿಯದು. ಹೀಗಿರುವಾಗ ಬೆಳಗಿನ ವೇಗವನ್ನೇ ಹಿಡಿದುಕೊಳ್ಳಲು ಹಟ ಮಾಡಿದವನು ಹತ್ತು ಕಿಲೋಮೀಟರಿನಲ್ಲಿ ಸೋಲುತ್ತಾನೆ. ವೇಗವನ್ನು ಬಿಟ್ಟುಕೊಟ್ಟು, ಕಾಲಿನ ಲಯವನ್ನು ಮಾತ್ರ ಬಿಟ್ಟುಕೊಡದೆ ಇರುವುದೇ ದಾರಿ. ಅದಕ್ಕೆ ಸೈಕಲ್ ಅವಕಾಶ ಕೊಡಬೇಕು.

ನನ್ನ ಸೈಕಲ್ ಆ ಅವಕಾಶವನ್ನು ಕೊಟ್ಟಿತು, ಇದರ ಬಗ್ಗೆ ನಾನು ಹೇಳಬಲ್ಲ ಅತಿ ದೊಡ್ಡ ಮಾತು ಇದೇ. ನಡುಚಕ್ರದಲ್ಲಿಯೇ ಇದ್ದುಕೊಂಡು ಹಿಂದೆ 24ಕ್ಕೆ, ಗಾಳಿ ಜೋರಾದ ಕಡೆ 28ಕ್ಕೆ ಇಳಿಸಿದೆ. 38ಕ್ಕೆ 28 ಎಂದರೆ ಪೆಡಲಿನ ಸುತ್ತಿಗೆ ಮೂರು ಮೀಟರಿಗೆ ತುಸು ಕಡಿಮೆ. ಅದೇ ಎಪ್ಪತ್ತು ಸುತ್ತಿನ ಲಯದಲ್ಲಿ ಗಂಟೆಗೆ ಹನ್ನೆರಡೂವರೆ ಕಿಲೋಮೀಟರ್. ಕಾಸರಗೋಡಿನವರೆಗಿನ ಇಪ್ಪತ್ತೆಂಟು ಕಿಲೋಮೀಟರನ್ನು ಹೆಚ್ಚುಕಡಿಮೆ ಈ ವೇಗದಲ್ಲಿಯೇ ದಾಟಿದೆ, ಮತ್ತು ಕೊನೆಯಲ್ಲಿಯೂ ಕಾಲುಗಳಲ್ಲಿ ಶಕ್ತಿ ಉಳಿದಿತ್ತು. ನಮ್ಮ ತಂದೆಯವರ ಹಳೆಯ ಕಪ್ಪು ಸೈಕಲಿನ ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದೆ 18 ಹಲ್ಲುಗಳಿವೆ, ಗೇರು ಒಂದೇ. ಅದರಲ್ಲಿ ಇದೇ ವೇಗಕ್ಕೆ ನಿಮಿಷಕ್ಕೆ ಮೂವತ್ತೆಂಟು ಸುತ್ತು ಮಾತ್ರ ತುಳಿಯಬೇಕಾಗುತ್ತದೆ, ಆದರೆ ಒಂದೊಂದು ಸುತ್ತೂ ಕಲ್ಲು ತಳ್ಳಿದಂತೆ ಭಾರವಾಗಿರುತ್ತದೆ. ಅಡಿಕೆಯ ಮೂಟೆಯನ್ನು ಕ್ಯಾರಿಯರಿನಲ್ಲಿ ಕಟ್ಟಿಕೊಂಡು ಅವರು ಬೇಸಿಗೆಯ ಮಧ್ಯಾಹ್ನಗಳಲ್ಲಿ ಪೇಟೆಗೆ ಹೋಗುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ಅದರ ಶ್ರಮ ಎಷ್ಟೆಂಬುದು ಪಳ್ಳಿಕ್ಕೆರೆಯ ಬಯಲಿನಲ್ಲಿ, ಹಲ್ಲುಗಳ ಲೆಕ್ಕ ಹಾಕುತ್ತ ತುಳಿಯುವಾಗ, ಮೊದಲ ಸಲ ನನ್ನ ಮೈಗೆ ತಿಳಿಯಿತು.

ಗಾಳಿಯಲ್ಲಿ ಸವಾರಿ ಮಾಡುವವರು ತೆಂಗಿನ ಮರಗಳನ್ನು ಓದಲು ಕಲಿಯಬೇಕು. ಗರಿಗಳು ಒಂದೇ ಕಡೆಗೆ ಬಾಚಿಕೊಂಡಂತೆ ನಿಂತಿದ್ದರೆ ಗಾಳಿ ಎಡೆಬಿಡದೆ ಬೀಸುತ್ತಿದೆಯೆಂದು ಅರ್ಥ. ಸುಮ್ಮನಿದ್ದು ಒಮ್ಮೆಲೆ ಸದ್ದು ಮಾಡಿದರೆ ಬೀಸು ಬರುತ್ತಿದೆ, ಹ್ಯಾಂಡಲನ್ನು ಭದ್ರವಾಗಿ ಹಿಡಿಯಬೇಕು. ತೋಟ ಮುಗಿದು ಕಡಲು ಬಯಲಾಗಿ ಕಾಣುವ ಜಾಗಗಳಲ್ಲಿ, ಬೇಕಲದ ಆಚೀಚೆ ಇಂಥ ಜಾಗಗಳು ಬಹಳ, ಗಾಳಿ ಅಡ್ಡಲಾಗಿ ನುಗ್ಗಿ ಸೈಕಲನ್ನು ರಸ್ತೆಯ ನಡುವಿಗೆ ಒಂದು ಗೇಣು ತಳ್ಳಿಬಿಡುತ್ತದೆ. ಹಿಂದಿನಿಂದ ಬಸ್ಸು ದಾಟುತ್ತಿದ್ದರೆ ಆ ಒಂದು ಗೇಣೂ ಅಪಾಯವೇ. ಬಸ್ಸು ಪಕ್ಕಕ್ಕೆ ಬಂದಾಗ ಒಂದು ಕ್ಷಣ ಒಂದು ಬದಿಯ ಒತ್ತಡ ಬದಲಾಗುತ್ತದೆ, ಅದು ಮುಂದೆ ಹೋದೊಡನೆ ಇನ್ನೊಂದು ಬಗೆಯಲ್ಲಿ ಸೆಳೆಯುತ್ತದೆ. ಇಂಥ ಹೊತ್ತಿನಲ್ಲಿ ಈ ಸೈಕಲಿನ ಅಗಲವಾದ ನೇರ ಹ್ಯಾಂಡಲು ನನ್ನನ್ನು ಕಾಪಾಡಿತು, ಸಣ್ಣ ಅದುರನ್ನೂ ತಿದ್ದಿಕೊಳ್ಳಲು ಅದರಲ್ಲಿ ಹಿಡಿತವಿದೆ. ರಿಮ್ಮುಗಳು ನೋಟಕ್ಕೆ ಆಕರ್ಷಕವಾದ ಎತ್ತರದ ಗೋಡೆಯವಲ್ಲದೆ ಸಾಧಾರಣ ತೆಳು ರಿಮ್ಮುಗಳಾದದ್ದೂ ಒಳ್ಳೆಯದಾಯಿತು, ಏಕೆಂದರೆ ಎತ್ತರದ ರಿಮ್ಮು ಅಡ್ಡಗಾಳಿಗೆ ಹಾಯಿಯಂತೆ ಒಡ್ಡಿಕೊಳ್ಳುತ್ತದೆ. ಕಡಲ ಬದಿಯಲ್ಲಿ ಇರುವವರು ಅಂಗಡಿಯಲ್ಲಿ ಅಂಥ ರಿಮ್ಮಿಗೆ ಮರುಳಾಗದಿರುವುದು ಲೇಸು.

ಅದೇ ಹ್ಯಾಂಡಲಿನ ಬಗ್ಗೆಯೇ ನನ್ನ ಮುಖ್ಯ ದೂರು ಕೂಡ. ನೇರ ಹ್ಯಾಂಡಲಿನಲ್ಲಿ ಕೈ ಇಡಲು ಒಂದೇ ಭಂಗಿ. ನಾಲ್ಕನೆಯ ಗಂಟೆಯಲ್ಲಿ ಎರಡೂ ಕೈಗಳ ಕಿರುಬೆರಳು ಮತ್ತು ಉಂಗುರಬೆರಳು ಜೋಮು ಹಿಡಿದವು, ಉದುಮದಲ್ಲಿ ಸೀಯಾಳ ಕುಡಿಯಲು ಇಳಿದಾಗ ಚಿಲ್ಲರೆ ಎಣಿಸುವುದಕ್ಕೂ ಬೆರಳು ಕೇಳುತ್ತಿರಲಿಲ್ಲ. ಅಂಗೈಯ ಹೊರಬದಿಯ ನರದ ಮೇಲೆ ಬಹಳ ಹೊತ್ತು ಒತ್ತಡ ಬೀಳುವುದರಿಂದ ಹೀಗಾಗುತ್ತದೆ. ಕಂಪನಿ ಕೊಡುವ ದುಂಡನೆಯ ರಬ್ಬರು ಹಿಡಿಕೆಯ ಬದಲಿಗೆ ಅಂಗೈಗೆ ಅಗಲವಾದ ಆಸರೆ ಕೊಡುವ ಹಿಡಿಕೆಯನ್ನೂ, ತುದಿಗಳಲ್ಲಿ ಕೊಂಬಿನಂಥ ಚಿಕ್ಕ ಹಿಡಿಗಳನ್ನೂ ಹಾಕಿಸಬೇಕೆಂದು ಆ ಕ್ಷಣವೇ ನಿಶ್ಚಯಿಸಿದೆ. ಬಾಗಿದ ಹ್ಯಾಂಡಲಿನ ರೋಡ್ ಸೈಕಲಿನಲ್ಲಿ ಕೈಗೆ ಮೂರು ನೆಲೆಗಳು ಸಿಗುತ್ತವೆ, ಕೆಳಗೆ ಹಿಡಿದು ಬಾಗಿದರೆ ಗಾಳಿಗೆ ಒಡ್ಡುವ ಎದೆಯೂ ಕಡಿಮೆಯಾಗುತ್ತದೆ. ಅದು ಇದಕ್ಕಿಂತ ಗಾಳಿಯಲ್ಲಿ ಮೇಲೆಂಬುದನ್ನು ಒಪ್ಪುತ್ತೇನೆ. ಆದರೂ ನಮ್ಮ ಒಳರಸ್ತೆಗಳ ಮುರಕಲ್ಲಿನ ತುಂಡುಗಳ ಮೇಲೆ ಅದರ ತೆಳು ಟಯರು ಬಹುಕಾಲ ಬಾಳದು, ಬೆಲೆಯೂ ಬಹಳ ಹೆಚ್ಚು. ನಾನು ಮಾಡಿದ್ದು ಇಷ್ಟೇ: ಗಾಳಿ ಜೋರಾದಾಗ ಮೊಣಕೈಗಳನ್ನು ಮಡಚಿ, ಒಳಕ್ಕೆ ತಂದು, ಗಲ್ಲವನ್ನು ತಗ್ಗಿಸಿದೆ. ಸಡಿಲ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ ಗುಂಡಿಗಳನ್ನು ಹಾಕಿಕೊಂಡೆ. ಇದರಿಂದಲೇ ಗಂಟೆಗೆ ಒಂದು ಕಿಲೋಮೀಟರಿನಷ್ಟು ವ್ಯತ್ಯಾಸ ಕಾಣಿಸಿತು.

ಸೀಟು ಮೊದಲ ಎರಡು ಗಂಟೆ ಮೆತ್ತಗೆ, ಆಮೇಲೆ ಮೆತ್ತಗಿರುವುದೇ ಕಷ್ಟ. ದಪ್ಪ ಸ್ಪಂಜಿನ ಸೀಟು ಕೂರುವ ಎಲುಬುಗಳ ಕೆಳಗೆ ಕುಸಿದು, ಭಾರವೆಲ್ಲ ನಡುವಿನ ಮೃದುಭಾಗದ ಮೇಲೆ ಬೀಳುತ್ತದೆ. ದಿನವೂ ನಾಲ್ಕು ಕಿಲೋಮೀಟರ್ ಹೋಗುವವರಿಗೆ ಇದು ಸಾಕು. ದೀರ್ಘ ಸವಾರಿಗೆ ಸ್ವಲ್ಪ ಗಟ್ಟಿಯಾದ, ನಡುವೆ ತಗ್ಗಿರುವ ಸೀಟು ಬೇಕು.

ಟಯರಿನ ಬಗ್ಗೆ ದೂರಿಲ್ಲ. ಹೊರಡುವ ಮೊದಲು ಹಿಂದಿನದಕ್ಕೆ 60, ಮುಂದಿನದಕ್ಕೆ 55 ಪಿಎಸ್‌ಐ ಗಾಳಿ ತುಂಬಿದ್ದೆ. ಎಂಬತ್ತು ಕಿಲೋಮೀಟರಿನಲ್ಲಿ ಒಂದು ಪಂಕ್ಚರೂ ಆಗಲಿಲ್ಲ. ಹೊಂಡಗಳಲ್ಲಿ ಚಕ್ರದ ಏಟು ಕೈಗೆ ತಾಗುತ್ತದೆ ನಿಜ, ಆದರೆ ಮುಂದಿನ ಸಸ್ಪೆನ್ಶನ್ ಇಲ್ಲದಿರುವುದನ್ನು ಕೊರತೆಯೆಂದು ನಾನು ಭಾವಿಸುವುದಿಲ್ಲ. ಈ ಬೆಲೆಯ ಸಸ್ಪೆನ್ಶನ್ ಫೋರ್ಕು ತೂಕವನ್ನು ಹೆಚ್ಚಿಸುತ್ತದೆ, ಏರಿನಲ್ಲಿ ಎದ್ದು ತುಳಿದರೆ ನಮ್ಮ ಶಕ್ತಿಯನ್ನು ತಾನೇ ಕುಡಿಯುತ್ತದೆ, ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು ಬಿಗಿಯಾಗುತ್ತದೆ.

ಮೇಲ್ಪರಂಬದಿಂದ ಚಂದ್ರಗಿರಿಗೆ ಇಳಿಯುವಾಗ ಬ್ರೇಕುಗಳ ಪರೀಕ್ಷೆ ನಡೆಯಿತು. ಇಳಿಜಾರಿನಲ್ಲಿಯೂ ಗಾಳಿ ಎದುರಿಗಿದ್ದುದರಿಂದ ವೇಗ ಮಿತಿಮೀರಲಿಲ್ಲ. ಒಂದು ಕಾರು ದಿಢೀರನೆ ಎಡಕ್ಕೆ ನಿಂತಾಗ ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಿಡಿದೆ, ಸೈಕಲ್ ಜಾರದೆ, ಬಾಲ ಬೀಸದೆ, ಎರಡು ಮಾರಿನಷ್ಟು ಅಂತರ ಉಳಿಸಿ ನಿಂತಿತು. ಕಾಕ ಪ್ಯಾಡುಗಳನ್ನು ಹೊಂದಿಸುವ ಮೊದಲು ಇದೇ ಬ್ರೇಕು ಕಿರುಚುತ್ತ ಅರ್ಧ ಹಿಡಿಯುತ್ತಿತ್ತೆಂಬುದನ್ನು ನೆನೆದು ಮೈ ಜುಮ್ಮೆಂದಿತು. ಸೇತುವೆಯ ಮೇಲೆ ಮಧ್ಯಾಹ್ನದ ಗಾಳಿ ಬೆಳಗಿನ ಜಾಗವೇ ಅಲ್ಲವೆನ್ನುವಂತೆ ಬೀಸುತ್ತಿತ್ತು. ಅಳಿವೆಯ ಕಡೆಯಿಂದ ಬರುವ ಆ ಬೀಸಿಗೆ ತಡೆಯೇ ಇಲ್ಲ. ಸೈಕಲನ್ನು ಎಡಕ್ಕೆ ಸ್ವಲ್ಪ ವಾಲಿಸಿಕೊಂಡು, ಗಾಳಿಗೆ ಒರಗಿದಂತೆ, ನೇರವಾಗಿ ಸಾಗಬೇಕಾಯಿತು. ಕೆಳಗೆ ನೀರು ಕದಡಿ ಹೊಳೆಯುತ್ತಿತ್ತು, ಕಿವಿಯಲ್ಲಿ ಗಾಳಿಯ ಹೊರತು ಬೇರೆ ಸದ್ದಿರಲಿಲ್ಲ, ಬ್ಯಾಂಕಿನಲ್ಲಿ ಆ ಹೊತ್ತಿಗೆ ದಿನದ ನಗದು ಎಣಿಸುತ್ತಿರುತ್ತಾರೆಂಬುದು ನೆನಪಾಯಿತು. ನಾನು ಕೇಳಿಕೊಂಡು ಬಂದಿದ್ದ ರಜೆ ಆ ಒಂದು ನಿಮಿಷದಲ್ಲಿ ಸಂದಿತು.

ಕಾಸರಗೋಡಿನಲ್ಲಿ ಉಪ್ಪು ಹಾಕಿದ ಲಿಂಬೆ ಸೋಡಾ ಕುಡಿದು, ಎರಡು ನೇಂದ್ರ ಬಾಳೆಹಣ್ಣು ತಿಂದು, ಕೊನೆಯ ಹನ್ನೆರಡು ಕಿಲೋಮೀಟರಿಗೆ ಹೊರಟೆ. ಅಗಲಗೊಂಡ ಹೆದ್ದಾರಿಯ ಇಕ್ಕೆಲಗಳಲ್ಲಿ ಹಿಂದೆ ಇದ್ದ ಮರಗಳ ನೆರಳು ಈಗ ಇಲ್ಲ. ಬಿಸಿಲಿಗೂ ಗಾಳಿಗೂ ಮೈ ಒಡ್ಡಿಯೇ ಹೋಗಬೇಕು. ಚೌಕಿಯ ಹತ್ತಿರ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಬಳಿ ಮಾತ್ರ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಆ ಸಂಸ್ಥೆಯ ತೆಂಗುಗಳ ಸಾಲು ಗಾಳಿಯನ್ನು ತಡೆದು ಸ್ವಲ್ಪ ದೂರ ಸುಖ ಕೊಟ್ಟಿತು. ಆ ಮರೆಯಲ್ಲಿ ಗೇರನ್ನು ಎರಡು ಹೆಜ್ಜೆ ಏರಿಸಿದೆ, ಮರೆ ಮುಗಿದೊಡನೆ ಮತ್ತೆ ಇಳಿಸಿದೆ. ಈ ಏರಿಸುವ ಇಳಿಸುವ ಕೆಲಸವನ್ನು ಹಿಂದಿನ ಗೇರು ದಿನವಿಡೀ ಒಮ್ಮೆಯೂ ತಪ್ಪದೆ ಮಾಡಿತು. ಐದು ಗಂಟೆಗೆ ಮನೆ ಸೇರಿದಾಗ ಮರಳುವ ದಾರಿಗೆ ಸೀಟಿನ ಮೇಲೆ ಮೂರು ಗಂಟೆ ಹತ್ತು ನಿಮಿಷ ಆಗಿತ್ತು. ಹೋಗುವಾಗಿನದಕ್ಕಿಂತ ಐವತ್ತೈದು ನಿಮಿಷ ಹೆಚ್ಚು. ಆ ಐವತ್ತೈದು ನಿಮಿಷ ಪೂರ್ತಿ ಗಾಳಿಯದು.

ಕೊಳ್ಳುವವರಿಗೆ ನಮ್ಮ ಕರಾವಳಿಯ ಮಟ್ಟಿಗೆ ಹೇಳಲೇಬೇಕಾದ ಇನ್ನೊಂದು ಸಂಗತಿ ಉಪ್ಪು. ಮಾರುವವರು ಇದನ್ನು ಹೇಳುವುದಿಲ್ಲ. ಪಡುಗಾಳಿಯಲ್ಲಿ ಒಂದು ದಿನ ಓಡಿಸಿದ ಸೈಕಲನ್ನು ಹಾಗೆಯೇ ನಿಲ್ಲಿಸಿದರೆ ಮೂರನೆಯ ದಿನ ಚೈನಿನ ಕೀಲುಗಳಲ್ಲಿ ಕೆಂಪು ಕಾಣುತ್ತದೆ. ಕೊಂಡ ಮೊದಲ ತಿಂಗಳಲ್ಲಿ ನನಗೆ ಹೀಗೆ ಆಗಿತ್ತು. ಚೌಕಟ್ಟು ಅಲ್ಯೂಮಿನಿಯಮ್ಮಿನದಾದರೂ ಚೈನು, ಕೇಬಲು, ಕಡ್ಡಿ, ಬೋಲ್ಟುಗಳು ಉಕ್ಕಿನವು. ಬಂದ ದಿನವೇ ಬಾಲ್ದಿಯ ಸಿಹಿನೀರಿನಲ್ಲಿ ಬಟ್ಟೆ ಅದ್ದಿ ಒರೆಸಬೇಕು, ಪಂಪಿನ ನೀರನ್ನು ಜೋರಾಗಿ ಹಾಯಿಸಿದರೆ ಬೇರಿಂಗುಗಳ ಒಳಗೆ ನೀರು ಸೇರುತ್ತದೆ. ಒಣಗಿದ ಮೇಲೆ ಚೈನಿನ ಒಂದೊಂದು ಕೀಲಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹೆಚ್ಚಾದ ಎಣ್ಣೆಯನ್ನು ಬಟ್ಟೆಯಿಂದ ತೆಗೆಯಬೇಕು. ಇಲ್ಲದಿದ್ದರೆ ನಮ್ಮ ಕೆಂಪು ಧೂಳು ಅದಕ್ಕೆ ಅಂಟಿ ಅರೆಯುವ ಮಸಿಯಾಗುತ್ತದೆ. ಎಣ್ಣೆ ಡಿಸ್ಕಿಗೆ ಒಂದು ಹನಿಯೂ ತಾಗಬಾರದು, ತಾಗಿದರೆ ಬ್ರೇಕು ಹಿಡಿಯದು. ಈ ಇಪ್ಪತ್ತು ನಿಮಿಷದ ಕೆಲಸ ಬೇಡವೆನ್ನುವವರು ಗೇರಿನ ಸೈಕಲ್ ಕೊಳ್ಳದಿರುವುದೇ ಒಳ್ಳೆಯದು.

ಸಹೋದ್ಯೋಗಿಗಳಿಗೆ ಮರುದಿನ ಊಟದ ಹೊತ್ತಿನಲ್ಲಿ ಉತ್ತರ ಕೊಟ್ಟೆ. ಕೊಳ್ಳಬಹುದು, ಆದರೆ ಹದಿನೇಳು ಸಾವಿರದ ಮೇಲೆ ಇನ್ನೂ ಎರಡು ಮೂರು ಸಾವಿರವನ್ನು ಸೀಟು, ಹಿಡಿಕೆ, ಮಡ್‌ಗಾರ್ಡ್, ದೀಪ ಮತ್ತು ಪಂಪಿಗೆ ಎತ್ತಿಡಬೇಕು. ಇವೊಂದೂ ಸೈಕಲ್ಲಿನ ಜೊತೆಗೆ ಸರಿಯಾಗಿ ಬರುವುದಿಲ್ಲ. ನನ್ನ ಎತ್ತರ ಐದು ಅಡಿ ಎಂಟು ಇಂಚು, ನನಗೆ ನಡು ಅಳತೆಯ ಚೌಕಟ್ಟು ಹೊಂದುತ್ತದೆ. ಅವರಲ್ಲಿ ಒಬ್ಬರು ನನಗಿಂತ ಅರ್ಧ ಅಡಿ ಗಿಡ್ಡ. ಅಂಗಡಿಯಲ್ಲಿ ಇರುವುದು ಒಂದೇ ಅಳತೆಯೆಂದು ಹೇಳಿ ಇದನ್ನೇ ಕೊಟ್ಟರೆ ಒಪ್ಪಬೇಡಿ, ಸೀಟನ್ನು ತಗ್ಗಿಸಿದ ಮಾತ್ರಕ್ಕೆ ಹ್ಯಾಂಡಲಿನ ದೂರ ಕಡಿಮೆಯಾಗುವುದಿಲ್ಲ, ಗಾಳಿಯಲ್ಲಿ ಭುಜಗಳು ಎರಡೇ ಗಂಟೆಯಲ್ಲಿ ನೋಯುತ್ತವೆ ಎಂದು ಎಚ್ಚರಿಸಿದೆ. ಶನಿವಾರ ಮಧ್ಯಾಹ್ನ ಇಬ್ಬರೂ ನೋಡಲು ಹೋಗುವವರಿದ್ದಾರೆ, ನಾನೂ ಜೊತೆಗೆ ಹೋಗುತ್ತೇನೆ. ಪೆಟ್ಟಿಗೆಯನ್ನು ಬಿಚ್ಚದೆಯೇ ಕೊಡುವುದಾದರೆ ಹಾಗೆಯೇ ತಂದು, ಜೋಡಿಸುವ ಕೆಲಸವನ್ನು ಕಾಕನ ಕೈಗೆ ಒಪ್ಪಿಸುವುದೆಂದು ಮಾತಾಗಿದೆ.